ಗ್ಲೋವ್ ಬೇಡ, ಗ್ರೌಂಡ್ ಕೊಡಿ

ನಮ್ಮ ಕಾಲೇಜಿನ ಪ್ರಾಜೆಕ್ಟ್ ಎಕ್ಸ್‌ಪೋಗೆ ನೀವು ಯಾವ ವರ್ಷ ಬಂದರೂ ಮೂರು ಐಟಂ ಖಾಯಂ. ತಾನಾಗೇ ನೀರು ಹಾಕಿಕೊಳ್ಳುವ ಹೂವಿನ ಕುಂಡ, ಗೋಡೆ ಕಂಡ ಕೂಡಲೇ ತಿರುಗುವ ಪುಟ್ಟ ಕಾರು, ಮತ್ತೆ ಪಾರ್ಶ್ವವಾಯು ಆದವರಿಗೆ ಅಂತ ಫ್ಲೆಕ್ಸ್ ಸೆನ್ಸರ್, ಸರ್ವೋ ಮೋಟರ್ ಹೊಲಿದ ಒಂದು ಗ್ಲೋವ್. ಕಳೆದ ವರ್ಷ ಗ್ಲೋವ್ ಮಾಡಿದವರು ನಾವೇ. ಬಹುಮಾನವೂ ಬಂತು, ಸುಳ್ಳು ಯಾಕೆ ಹೇಳೋಣ.

ಎಕ್ಸ್‌ಪೋ ಮುಗಿದ ಮೇಲೆ ಅದನ್ನು ನಿಜವಾದ ರೋಗಿಯ ಕೈಗೆ ಹಾಕಿ ನೋಡೋಣ ಅಂತ ಗೆಳೆಯನೊಬ್ಬನ ಮನೆಗೆ ಹೋದೆವು. ಅವನ ತಂದೆ ಪೀಣ್ಯದಲ್ಲಿ ಇಪ್ಪತ್ತು ವರ್ಷ ಲೇತ್ ಓಡಿಸಿದವರು. ಬಲಗಡೆ ಲಕ್ವ ಹೊಡೆದು, ಆಸ್ಪತ್ರೆಯಲ್ಲಿದ್ದು, ಆಗ ಮನೆಗೆ ಬಂದು ಎರಡು ತಿಂಗಳಾಗಿತ್ತು. ಅಲ್ಲಿವರೆಗೆ ನಾವು ಗ್ಲೋವನ್ನು ಪರೀಕ್ಷೆ ಮಾಡಿದ್ದೆಲ್ಲ ನಮ್ಮ ಕೈಗಳಿಗೆ ಹಾಕಿಕೊಂಡೇ. ಅವರ ಬೆರಳುಗಳು ಮುಷ್ಟಿ ಹಿಡಿದ ಹಾಗೆ ಬಿಗಿದುಕೊಂಡಿದ್ದವು. ಒಂದೊಂದೇ ಬೆರಳು ಬಿಡಿಸಿ ಒಳಗೆ ತೂರಿಸುವಷ್ಟರಲ್ಲಿ ಇಪ್ಪತ್ತು ನಿಮಿಷ ಆಯ್ತು, ಅವರು ಬೆವತುಹೋದರು. ಸ್ವಿಚ್ ಹಾಕಿದರೆ ಮೋಟರ್ ಗುಂಯ್ ಅಂತು, ಬೆರಳು ಅಲ್ಲಾಡಲಿಲ್ಲ. ಅಂಕಲ್ ನಕ್ಕುಬಿಟ್ಟರು. ಮಾತು ಸ್ವಲ್ಪ ತೊದಲುತ್ತಿತ್ತು, ಆದರೂ ಸ್ಪಷ್ಟವಾಗೇ ಕೇಳಿದರು: "ಇದೆಲ್ಲಾ ಚೆನ್ನಾಗಿದೆ ಕಣ್ರಪ್ಪಾ. ಡಾಕ್ಟ್ರು ದಿನಾ ನಡೀರಿ ಅಂದವ್ರೆ. ನಾನು ನಡಿಯೋದಾದ್ರೂ ಎಲ್ಲಿ?"

ಅವರ ಮನೆ ಎರಡನೇ ಮಹಡಿ. ಮೆಟ್ಟಿಲು ಕಡಿದು, ಹಿಡಿಕೊಳ್ಳೋಕೆ ಕಂಬಿ ಇಲ್ಲ. ಇಳಿದರೆ ನೇರ ರಸ್ತೆ, ರಸ್ತೆ ತುಂಬ ಟೆಂಪೋ. ಫುಟ್‌ಪಾತ್ ಇದ್ದ ಕಡೆ ಚರಂಡಿಯ ಚಪ್ಪಡಿ ಎದ್ದಿದೆ. ಗೋಡೆಗೆ ಒಂದು ಜೆರಾಕ್ಸ್ ಹಾಳೆ ಅಂಟಿಸಿದ್ದರು, ಡಿಸ್ಚಾರ್ಜ್ ಆಗುವಾಗ ಕೊಟ್ಟದ್ದು. ಹತ್ತು ಚಿತ್ರ, ಇಂಗ್ಲಿಷ್‌ನಲ್ಲಿ ವಿವರಣೆ, ಕೆಳಗೆ ಪೆನ್ನಿನಲ್ಲಿ "ದಿನಕ್ಕೆ ಮೂರು ಸಲ".

ಅಲ್ಲಿಂದ ಬಂದ ಮೇಲೆ ನಮಗೆ ಅನ್ನಿಸಿದ್ದು ಇದು. ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಆಸುಪಾಸಿನಲ್ಲಿ ಲಕ್ವ ಹೊಡೆದವರಿಗೆ, ಮನೋರೋಗದಿಂದ ಚೇತರಿಸಿಕೊಳ್ಳುತ್ತಿರುವವರಿಗೆ ಕೊರತೆ ಇರುವುದು ಯಂತ್ರದ್ದಲ್ಲ. ಮನೆಯ ಹತ್ತಿರ ಒಂದು ಸಮತಟ್ಟು ಜಾಗ, ದಿನವೂ ಒಂದೇ ಹೊತ್ತು, ಜೊತೆಗೆ ಒಂದಿಷ್ಟು ಜನ, ಇವು ಸಿಗುತ್ತಿಲ್ಲ. ಈ ಮೂರೂ ನಮ್ಮ ಕಾಲೇಜಿನ ಕಾಂಪೌಂಡ್ ಒಳಗೆ ಬಿದ್ದಿವೆ.

ವ್ಯಾಯಾಮ ಯಾಕೆ ಅಷ್ಟು ಮುಖ್ಯ ಅಂತ ಸ್ವಲ್ಪ ಓದಿದೆವು. ಮೆದುಳಿನ ಒಂದು ಭಾಗಕ್ಕೆ ರಕ್ತ ನಿಂತು ಅಲ್ಲಿನ ಜೀವಕೋಶ ಸತ್ತರೆ ಅವು ಮತ್ತೆ ಹುಟ್ಟುವುದಿಲ್ಲ. ಆದರೆ ಅಕ್ಕಪಕ್ಕದ ಭಾಗಗಳು ಆ ಕೆಲಸವನ್ನು ಒಂದಷ್ಟು ಕಲಿತುಕೊಳ್ಳುತ್ತವೆ. ಕಲಿಯೋದು ಹೇಗೆ? ಮಾಡಿ ಮಾಡಿ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಒಂದೇ ಚಲನೆಯನ್ನು ದಿನಕ್ಕೆ ನೂರಾರು ಸಲ ಮಾಡಿಸಿದಾಗ ಮೆದುಳಿನಲ್ಲಿ ಬದಲಾವಣೆ ಕಂಡಿದೆ. ಇನ್ನು ಮನುಷ್ಯರಿಗೆ ನಿಜವಾಗಿ ಎಷ್ಟು ಮಾಡಿಸುತ್ತಾರೆ? ಅಮೆರಿಕ ಮತ್ತು ಕೆನಡಾದ ಏಳು ಕೇಂದ್ರಗಳಲ್ಲಿ 312 ಥೆರಪಿ ಸೆಷನ್‌ಗಳನ್ನು ಪಕ್ಕದಲ್ಲಿ ಕೂತು ಎಣಿಸಿದರು, 2009ರಲ್ಲಿ ಪ್ರಕಟವಾಯಿತು. ಕೈಯಿಂದ ಉಪಯೋಗದ ಕೆಲಸ ಮಾಡಿಸಿದ ಸೆಷನ್‌ಗಳಲ್ಲಿ ಸರಾಸರಿ 32 ಸಲ. ನಡಿಗೆ ಮಾಡಿಸಿದಾಗ ಸರಾಸರಿ 357 ಹೆಜ್ಜೆ. ನಮ್ಮ ಹಾಸ್ಟೆಲ್‌ನಿಂದ ಕ್ಯಾಂಟೀನ್‌ಗೆ ಹೋಗೋಕೇ ಅದಕ್ಕಿಂತ ಜಾಸ್ತಿ ಬೇಕು. ಥೆರಪಿಸ್ಟ್‌ಗಳು ಇರುವ ಕಡೆಯೇ ಇಷ್ಟಾದರೆ, ಎರಡನೇ ಮಹಡಿಯಲ್ಲಿ ಜೆರಾಕ್ಸ್ ಹಾಳೆ ನೋಡಿಕೊಂಡು ಎಷ್ಟಾಗಬಹುದು?

ಇನ್ನೊಂದು ಅಡ್ಡಿ ಇದೆ, ಅದನ್ನು ಹೇಳೋಕೆ ಸ್ವಲ್ಪ ಸಂಕಟ. ಆ ಅಡ್ಡಿ ಪ್ರೀತಿ. ಆಂಟಿ ಅನ್ನ ಕಲಸಿ ಬಾಯಿಗೇ ಇಡುತ್ತಿದ್ದರು. "ಪಾಪ, ಅವರ ಕೈಲಿ ಆಗಲ್ಲ." ಗುಂಡಿ ಹಾಕೋದು, ಲೋಟ ಎತ್ತೋದು, ಎಲ್ಲಾ ಅವರೇ. ಬಳಸದ ಕೈಯನ್ನು ಮೆದುಳು ಇನ್ನಷ್ಟು ಮರೆಯುತ್ತದೆ ಅಂತ ಎಡ್ವರ್ಡ್ ಟಾಬ್ ಎಂಬ ವಿಜ್ಞಾನಿ ತೋರಿಸಿದ್ದರು. ಅದಕ್ಕೇ ಅವರು ಚೆನ್ನಾಗಿರುವ ಕೈಗೆ ದಪ್ಪ ಗವಸು ಹಾಕಿಸಿ, ಸೋತ ಕೈಯಿಂದಲೇ ಕೆಲಸ ಮಾಡಿಸುವ ಪದ್ಧತಿ ತಂದರು. ಬೆರಳು ಸ್ವಲ್ಪವಾದರೂ ಆಡುವವರಿಗೆ ಮಾತ್ರ ಇದು ಹೊಂದುತ್ತದೆ. ಆದರೆ ನಮಗೆ ನಾಚಿಕೆಯಾಗಿದ್ದು ಬೇರೆ ಕಾರಣಕ್ಕೆ. ಅವರು ಗವಸು ಹಾಕಿಸಿದ್ದು ಒಳ್ಳೆಯ ಕೈಗೆ! ಸರ್ಕ್ಯೂಟ್ ಇಲ್ಲ, ಬ್ಯಾಟರಿ ಇಲ್ಲ.

ಹಾಗಾದರೆ ಮನೆಯವರಿಗೇ ಕಲಿಸಿಬಿಟ್ಟರೆ ಸಾಕಲ್ವಾ? ಇದನ್ನು ಭಾರತದಲ್ಲೇ ಪರೀಕ್ಷಿಸಿದ್ದಾರೆ. ‘ಅಟೆಂಡ್’ ಅಂತ ಆ ಪ್ರಯೋಗದ ಹೆಸರು. 14 ಆಸ್ಪತ್ರೆ, 1250 ರೋಗಿಗಳು. ಅರ್ಧ ಜನರ ಮನೆಯವರಿಗೆ ವ್ಯಾಯಾಮ ಮಾಡಿಸುವುದನ್ನು ಕಲಿಸಿ ಕಳಿಸಿದರು, ಉಳಿದವರಿಗೆ ಎಂದಿನ ಆರೈಕೆ. 2017ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ಫಲಿತಾಂಶ: ಆರು ತಿಂಗಳ ಹೊತ್ತಿಗೆ ಎರಡೂ ಗುಂಪಿನಲ್ಲಿ ಶೇ. 47ರಷ್ಟು ಮಂದಿ ಒಂದೋ ತೀರಿಕೊಂಡಿದ್ದರು, ಇಲ್ಲವೇ ಇನ್ನೊಬ್ಬರನ್ನು ಅವಲಂಬಿಸಿದ್ದರು. ಅಂದರೆ ಭಾರವನ್ನೆಲ್ಲ ಹೆಂಡತಿ ಮಕ್ಕಳ ತಲೆ ಮೇಲೆ ಹೊರಿಸಿ ನಾವು ಕೈತೊಳೆದುಕೊಳ್ಳೋಕೆ ಆಗಲ್ಲ. ಅದೇ ಮಾತು ನಮಗೂ ಅನ್ವಯಿಸುತ್ತೆ. ನಾವು ವಿದ್ಯಾರ್ಥಿಗಳು ಫಿಸಿಯೋಥೆರಪಿಸ್ಟ್ ಆಗ್ತೀವಿ ಅಂತ ಹೊರಡೋದು ತಪ್ಪು. ಸೋತ ತೋಳನ್ನು ಹಿಡಿದೆಳೆದು ಎಬ್ಬಿಸಿದರೆ ಭುಜದ ಕೀಲೇ ಕೆಡುತ್ತೆ. ಇದು ಗೊತ್ತಾಗುವ ಮೊದಲು ಅಂಕಲ್‌ನ ನಾವೂ ಹಾಗೇ ಎಬ್ಬಿಸಿದ್ದೆವು.

ದುಡ್ಡಿನ ಮಾತು. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇಎಸ್‌ಐ ಇದೆ, ಪೀಣ್ಯದಲ್ಲೇ ಇಎಸ್‌ಐ ಆಸ್ಪತ್ರೆಯೂ ಇದೆ. ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನ ಸಂಬಳದ ಶೇ. 70 ಕೊಡುತ್ತಾರೆ ಅನ್ನೋದು ಬಹಳ ಜನಕ್ಕೆ ಗೊತ್ತು. ಅದರಾಚೆ 34 ದೀರ್ಘ ಕಾಯಿಲೆಗಳ ಒಂದು ಪಟ್ಟಿ ಇದೆ. ಅವಕ್ಕೆ ಎರಡು ವರ್ಷದವರೆಗೆ ಶೇ. 80 ಸಿಗುತ್ತೆ. ಅರ್ಧಾಂಗ ಬಿದ್ದುಹೋಗುವುದೂ ಆ ಪಟ್ಟಿಯಲ್ಲಿದೆ, ಸ್ಕಿಜೋಫ್ರೀನಿಯಾವೂ ಇದೆ. ಅಂಕಲ್‌ಗೆ ಇದು ಗೊತ್ತಿರಲಿಲ್ಲ, ಅವರ ಸೂಪರ್‌ವೈಸರ್‌ಗೂ ಗೊತ್ತಿರಲಿಲ್ಲ. ಈ ಲೇಖನ ಓದಿದವರು ಇದೊಂದನ್ನಾದರೂ ನಿಮ್ಮ ಲೇಔಟ್‌ನ ಸೆಕ್ಯುರಿಟಿ ಅಣ್ಣನಿಗೆ, ಹೌಸ್‌ಕೀಪಿಂಗ್ ಅಕ್ಕಂದಿರಿಗೆ ಹೇಳಿ. ಷರತ್ತೂ ಇದೆ: ಎರಡು ವರ್ಷ ಬಿಡದೆ ಕೆಲಸದಲ್ಲಿ ಇರಬೇಕು, ನಿಗದಿಪಡಿಸಿದಷ್ಟು ದಿನಗಳ ಚಂದಾ ಕಟ್ಟಿರಬೇಕು. ವರ್ಷಕ್ಕೊಬ್ಬ ಕಂಟ್ರಾಕ್ಟರ್ ಬದಲಾಗುವ ಕಡೆ, ಮಧ್ಯೆ ಮಧ್ಯೆ ಕೆಲಸ ತಪ್ಪಿದವರು ಇಲ್ಲೇ ಜಾರಿಬೀಳುತ್ತಾರೆ. ಐಟಿ ಕಂಪನಿಗಳ ವಿಮೆ ಸಾಮಾನ್ಯವಾಗಿ ಆಸ್ಪತ್ರೆಯಲ್ಲಿ ಮಲಗಿದ ದಿನಗಳ ಖರ್ಚು ಕೊಡುತ್ತೆ. ಆಮೇಲೆ ತಿಂಗಳುಗಟ್ಟಲೆ ಬೇಕಾದ ಫಿಸಿಯೋಥೆರಪಿ ನಮ್ಮ ಜೇಬಿಂದಲೇ.

ಇನ್ನು ಮನಸ್ಸಿನ ಕಾಯಿಲೆ. ಕೈ ಬಿದ್ದುಹೋದರೆ ಕಣ್ಣಿಗೆ ಕಾಣುತ್ತೆ, ಮನಸ್ಸು ಏಳದೆ ಹೋದರೆ ‘ಸೋಮಾರಿ’ ಅಂತಾರೆ. ಸ್ಕಿಜೋಫ್ರೀನಿಯಾದಲ್ಲಿ ಇಲ್ಲದ ದನಿ ಕೇಳಿಸುವುದು ಮಾತ್ರೆಯಿಂದ ಎಷ್ಟೋ ಮಟ್ಟಿಗೆ ಹತೋಟಿಗೆ ಬರುತ್ತೆ. ಎದ್ದು ಸ್ನಾನ ಮಾಡುವ, ನಾಲ್ಕು ಜನರ ಜೊತೆ ಮಾತಾಡುವ ಹುರುಪು ಅಷ್ಟು ಸುಲಭವಾಗಿ ವಾಪಸ್ ಬರಲ್ಲ, ಮೇಲಿಂದ ಕೆಲವು ಮಾತ್ರೆಗೆ ಮೈ ದಪ್ಪ ಆಗುತ್ತೆ. ಇದರ ಮೇಲೆ ಒಳ್ಳೆಯ ಕೆಲಸ ನಡೆದಿರುವುದು ನಮ್ಮ ಬೆಂಗಳೂರಿನಲ್ಲೇ. 2007ರಲ್ಲಿ ನಿಮ್ಹಾನ್ಸ್ ಮತ್ತು ಎಸ್‌-ವ್ಯಾಸ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ, ಮಾತ್ರೆ ತೆಗೆದುಕೊಳ್ಳುತ್ತಿದ್ದ 61 ರೋಗಿಗಳಲ್ಲಿ ಒಂದು ಗುಂಪಿಗೆ ಯೋಗ, ಇನ್ನೊಂದಕ್ಕೆ ದೈಹಿಕ ವ್ಯಾಯಾಮ ಕಲಿಸಿದರು. ನಾಲ್ಕು ತಿಂಗಳ ಕೊನೆಗೆ ಯೋಗದ ಗುಂಪಿನವರು ಜನರ ಜೊತೆ ಬೆರೆಯುವುದರಲ್ಲಿ, ದಿನನಿತ್ಯದ ಕೆಲಸದಲ್ಲಿ ಹೆಚ್ಚು ಸುಧಾರಿಸಿದ್ದರು. ಮಾತ್ರೆ ಬಿಟ್ಟು ಯೋಗ ಮಾಡಿ ಅಂತ ಅವರು ಹೇಳಿಲ್ಲ, ನಾವೂ ಹೇಳ್ತಿಲ್ಲ, ವಾಟ್ಸಾಪ್ ಮಾವಂದಿರು ಗಮನಿಸಿ. ನಿಮ್ಹಾನ್ಸ್‌ನಲ್ಲಿ ಚೇತರಿಸಿಕೊಳ್ಳುತ್ತಿರುವವರು ಕೆಲಸ ಕಲಿಯುವ ಒಂದು ಬೇಕರಿಯೂ ಇದೆ. ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಹೊಸೂರು ರಸ್ತೆಯಲ್ಲೇ ನಿಮ್ಹಾನ್ಸ್ ಇರೋದು, ಆದರೆ ಮನೆ ಬಾಗಿಲು ದಾಟೋಕೇ ಆಗದ ಮನುಷ್ಯ ಟ್ರಾಫಿಕ್‌ನಲ್ಲಿ ದಿನಾ ಅಲ್ಲಿಗೆ ಹೋಗಿ ಬರಲಿ ಅನ್ನೋದು ಹೇಗೆ? ರೋಗಿಗಳಿಗೆ ಸಮುದಾಯದಲ್ಲೇ ಪುನರ್ವಸತಿ ಸಿಗಬೇಕು ಅಂತ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತೆ. 14416 ಟೆಲಿ ಮಾನಸ್ ನಂಬರ್‌ಗೆ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೂ ಮಾತಾಡ್ತಾರೆ. ಆದರೆ ಫೋನು ಜೊತೆಗೆ ನಡೆಯಲ್ಲ.

ವೈಟ್‌ಫೀಲ್ಡ್‌ನಲ್ಲಿ ಕೆಲಸದಲ್ಲಿದ್ದ ನಮ್ಮ ಸೀನಿಯರ್ ಒಬ್ಬರು ಖಿನ್ನತೆಯಿಂದ ಕೆಲಸ ಬಿಟ್ಟರು. ಅವರ ಆಫೀಸಿನಲ್ಲಿ ಗಾಜಿನ ಗೋಡೆಯ ಜಿಮ್ ಇತ್ತು. "ಹುಷಾರಿದ್ದಾಗ ಒಂದಿನಾನೂ ಹೋಗ್ಲಿಲ್ಲ. ಹೋಗ್ಬೇಕು ಅಂತ ಡಾಕ್ಟರ್ ಹೇಳಿದಾಗ ಐಡಿ ಕಾರ್ಡ್ ವಾಪಸ್ ಕೊಟ್ಟಾಗಿತ್ತು" ಅಂದರು. ಈ ಭಾಗದ ಒಳ್ಳೊಳ್ಳೆ ಜಾಗಗಳೆಲ್ಲ ಹೀಗೇ, ಕಾರ್ಡ್ ತೋರಿಸಿದವರಿಗೆ ಮಾತ್ರ.

ನಮ್ಮ ಕಾಲೇಜೂ ಅದೇ ಅಲ್ವಾ? ಗ್ರೌಂಡ್ ಬೆಳಗ್ಗೆ ಎಂಟೂವರೆವರೆಗೆ ಖಾಲಿ. ನಾವು ಪ್ರಾಂಶುಪಾಲರಿಗೆ ಬರೆದ ಪತ್ರದಲ್ಲಿ ಕೇಳಿದ್ದು ಇಷ್ಟು. ವಾರಕ್ಕೆ ಐದು ದಿನ ಆರೂವರೆಯಿಂದ ಎಂಟರವರೆಗೆ ಹಿಂದಿನ ಗೇಟ್ ತೆಗೆಯಿರಿ. ಬಾಸ್ಕೆಟ್‌ಬಾಲ್ ಕೋರ್ಟಿನ ಗೋಡೆ ಉದ್ದಕ್ಕೂ ಹಿಡಿದು ನಡೆಯಲು ಒಂದು ಪೈಪು ಬೇಕು. ಫಸ್ಟ್ ಇಯರ್ ವರ್ಕ್‌ಶಾಪಿನಲ್ಲಿ ಪ್ರತಿ ಸೆಮಿಸ್ಟರ್ ವೆಲ್ಡ್ ಮಾಡಿ ಗುಜರಿಗೆ ಹಾಕುವ ಜಾಯಿಂಟ್‌ಗಳ ಬದಲು ಅದನ್ನೇ ವೆಲ್ಡ್ ಮಾಡ್ತೀವಿ. ಅಲ್ಲಲ್ಲಿ ಕೂರಲು ಕುರ್ಚಿ, ನೆಲಮಹಡಿಯ ಒಂದು ಶೌಚಾಲಯದ ಬೀಗದ ಕೈ, ಒಂದು ಬಿಪಿ ಮೆಷಿನ್. ವಾರಕ್ಕೆರಡು ದಿನ ಫಿಸಿಯೋಥೆರಪಿ ಕಾಲೇಜಿನ ಇಂಟರ್ನ್‌ಗಳನ್ನು ಅವರ ಮೇಷ್ಟ್ರ ಜೊತೆ ಕಳಿಸಿ ಅಂತ ಕೇಳೋಣ. ಯಾರಿಗೆ ಏನು ವ್ಯಾಯಾಮ ಅಂತ ಹೇಳುವವರು ಅವರು. ನಾವು ಪಕ್ಕದಲ್ಲಿ ನಡೆಯುವವರು, ಎಣಿಸುವವರು. ಎನ್‌ಎಸ್‌ಎಸ್ ಗಂಟೆಗಳು ಹೇಗೂ ತುಂಬಬೇಕು.

"ಯಾರಾದರೂ ಬಿದ್ದರೆ ಹೊಣೆ ಯಾರು?" ಅಂತ ಒಬ್ಬ ಮೇಷ್ಟ್ರು ಕೇಳಿದರು. ನ್ಯಾಯವಾದ ಪ್ರಶ್ನೆ, ತಳ್ಳಿಹಾಕೋಕೆ ಆಗಲ್ಲ. ಡಾಕ್ಟರ ಚೀಟಿ ಇದ್ದವರು ಮಾತ್ರ, ಮನೆಯವರೊಬ್ಬರು ಜೊತೆಗಿರಬೇಕು, ಶುರು ಮಾಡುವ ಮುಂಚೆ ಬಿಪಿ ನೋಡಬೇಕು ಅಂತ ಪತ್ರದಲ್ಲಿ ಸೇರಿಸಿದ್ದೇವೆ. ಅಷ್ಟು ಮಾಡಿದರೂ ಒಂದು ದಿನ ಯಾರೋ ಎಡವಬಹುದು. ಆದರೆ ಈಗಲೂ ಅವರು ಬೀಳುತ್ತಲೇ ಇದ್ದಾರೆ, ಮೆಟ್ಟಿಲ ಮೇಲೆ, ಬಚ್ಚಲಲ್ಲಿ, ಯಾರೂ ನೋಡದ ಕಡೆ. ಹೊರಗಿನವರು ಬಂದರೆ ಕ್ಯಾಂಪಸ್ ಸುರಕ್ಷತೆ ಏನಾಗುತ್ತೆ ಅಂದವರೂ ಇದ್ದಾರೆ. ಫೆಸ್ಟ್ ದಿನ ಮೂರು ಸಾವಿರ ಹೊರಗಿನವರನ್ನು ಬಿಡುವಾಗ ಈ ಪ್ರಶ್ನೆ ಎಲ್ಲಿಗೆ ಹೋಗಿರುತ್ತೋ!

ಪತ್ರ ಕೊಟ್ಟು ಐದು ವಾರ ಆಯ್ತು, ‘ಪರಿಶೀಲಿಸುತ್ತೇವೆ’ ಅಂದಿದ್ದಾರೆ. ಅಷ್ಟರವರೆಗೆ ಭಾನುವಾರ ಬೆಳಗ್ಗೆ ಗೆಳೆಯ ತನ್ನ ತಂದೆಯನ್ನು ವಿಸಿಟರ್ ಅಂತ ರಿಜಿಸ್ಟರ್‌ನಲ್ಲಿ ಬರೆಸಿ ಕರೆದುಕೊಂಡು ಬರ್ತಾನೆ. ಮೊದಲ ವಾರ ಅರ್ಧ ಸುತ್ತಿಗೇ ಕೂತರು, ಗೇಟಿನ ಅಣ್ಣ ತಮ್ಮ ಕುರ್ಚಿಯನ್ನೇ ತಂದು ಹಾಕಿದ್ದರು. ಹೋದ ವಾರ ಮೂರು ಸುತ್ತು, ನಡುವೆ ನಾಲ್ಕು ಸಲ ಕೂತು. ಬಲಗೈ ಇನ್ನೂ ಮುಷ್ಟಿಯಲ್ಲೇ ಇದೆ. ಮುಂದಿನ ಭಾನುವಾರ ಗ್ರೌಂಡ್‌ನಲ್ಲಿ ಫೆಸ್ಟಿನ ಸ್ಟೇಜ್ ಕಟ್ಟುತ್ತಾರಂತೆ, ಅದಕ್ಕೆ ಪಾರ್ಕಿಂಗ್ ಜಾಗದಲ್ಲಿ ನಡೆಸೋಣ ಅಂತ ಮಾತಾಗಿದೆ. ಬರುವವರು ಏಳು ಗಂಟೆಗೆ ಹಿಂದಿನ ಗೇಟಿಗೆ ಬನ್ನಿ. ಸಾಧ್ಯವಾದರೆ ಒಂದು ಮಡಚುವ ಕುರ್ಚಿ ತನ್ನಿ.