ನೊರೆ ಕಂಡರೆ ಸುಮ್ಮನಿರಬೇಡಿ

ತಂಗಿಗೆ ಬೆರಳ ಗಂಟು ನೋವು ಬಂದಾಗ ವಾಯು ಅಂದೆವು, ಕೆನ್ನೆ ಕೆಂಪಾದಾಗ ಬಿಸಿಲು ಅಂದೆವು. ಪಾದ ಊದಿ, ಕಾಲುಂಗುರವನ್ನು ಸೋಪು ಹಚ್ಚಿ ತೆಗೆದ ದಿನವೇ ಹೆದರಿದ್ದು. ಅದು ಲೂಪಸ್: ಮೈ ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಮೈಮೇಲೆ ತಿರುಗಿಬೀಳುವ ಕಾಯಿಲೆ. ಹತ್ತರಲ್ಲಿ ಸುಮಾರು ಒಂಬತ್ತು ರೋಗಿಗಳು ಹೆಂಗಸರೇ. ಮೂತ್ರಪಿಂಡಕ್ಕೆ ಕೈಹಾಕಿದರೂ ಸಾಮಾನ್ಯವಾಗಿ ನೋವಿರುವುದಿಲ್ಲ. ಪ್ರೋಟೀನ್ ಸೋರಿ ಮೂತ್ರ ನೊರೆಯಾಗುತ್ತದೆ, ಅಷ್ಟೇ. ಮೂತ್ರಪಿಂಡದ ಕೆಲಸ ತಿಳಿಯಲು ನೋಡುವ ರಕ್ತದ ಕ್ರಿಯಾಟಿನಿನ್ ಆಗಲೂ ಸರಿಯಾಗಿಯೇ ಇರಬಹುದು. ಅವಳದ್ದೂ ಹಾಗೇ ಇತ್ತು. ಆ ರಿಪೋರ್ಟ್ ನೋಡಿ ನಿಶ್ಚಿಂತೆಯಿಂದ ಮನೆಗೆ ಬಂದಿದ್ದೆವು. ಮೂತ್ರ ಪರೀಕ್ಷೆ ಯಾರೂ ಬರೆದಿರಲಿಲ್ಲ. ಆಮೇಲೆ ಬಯಾಪ್ಸಿ, ಸ್ಟೀರಾಯ್ಡ್. ಹೈಡ್ರಾಕ್ಸಿಕ್ಲೋರೋಕ್ವಿನ್ (ಕೋವಿಡ್ ಕಾಲದಲ್ಲಿ ಜನ ಮುಗಿಬಿದ್ದು ಕೊಂಡ ಅದೇ ಮಾತ್ರೆ) ಈಗಲೂ ದಿನಾ ನುಂಗುತ್ತಾಳೆ. ಲೂಪಸ್ ಇದ್ದವರಿಗೆ ಆಗಾಗ ಮೂತ್ರ ಪರೀಕ್ಷೆ ಆಗಲೇಬೇಕು. ವೈದ್ಯರು ಬರೆಯದಿದ್ದರೆ ನೀವೇ ಕೇಳಿ.