ಹೆಸರು ವಿಳಾಸವಿಲ್ಲದ ಅಂಕಿಗಳು

ಪುಸ್ತಕ ಭಂಡಾರವೊಂದರಲ್ಲಿ ಲಕ್ಷ ಗ್ರಂಥಗಳಿದ್ದು, ಅವುಗಳ ಸೂಚಿಯೇ ಇಲ್ಲದಿದ್ದರೆ ಓದುಗನಿಗೆ ಆಗುವ ಪ್ರಯೋಜನವೇನು? ಇಂದಿನ ಪ್ರಯೋಗಶಾಲೆಗಳು ಕಂಪ್ಯೂಟರ್ ಫೈಲುಗಳನ್ನು ಹೀಗೆಯೇ ರಾಶಿ ಹಾಕುತ್ತಿವೆ. ಫೈಲಿನೊಳಗಿನ ಅಂಕಿಗಳು ದತ್ತಾಂಶ. ಅವನ್ನು ಯಾರು, ಎಂದು, ಯಾವ ಉಪಕರಣದಿಂದ, ಯಾವ ಏಕಮಾನದಲ್ಲಿ ಅಳೆದರೆಂಬ ವಿವರವು ಮೆಟಾಡೇಟಾ. ಇವೆರಡನ್ನೂ ಜೊತೆಗೂಡಿಸಿ ಸೂಚಿಯನ್ನು ಕಾಯುವುದೇ ಕಡತ ನಿರ್ವಹಣೆಯ ಸರ್ವರಿನ ಕೆಲಸ. ವಿವರವಿಲ್ಲದ ಫೈಲನ್ನು ಈ ಸರ್ವರು ಒಳಗೆ ಬಿಟ್ಟುಕೊಳ್ಳಲೇಬಾರದೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಇದು ಅತಿಯಾಯಿತೆಂದು ತೋರುವವರು 1999ರ ಸೆಪ್ಟೆಂಬರಿನಲ್ಲಿ ಮಂಗಳ ಗ್ರಹದ ಬಳಿ ನಡೆದುದನ್ನು ನೆನೆಯಲಿ. ಗ್ರಹವನ್ನು ಸುತ್ತಬೇಕಾಗಿದ್ದ ಅಮೆರಿಕದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆಯು ಅಂದು ನಾಶವಾಯಿತು. ಭೂಮಿಯ ಮೇಲಿನ ಒಂದು ಪ್ರೋಗ್ರಾಮು ನೌಕೆಯ ಪುಟ್ಟ ಎಂಜಿನ್ನುಗಳ ನೂಕುಬಲವನ್ನು ಪೌಂಡಿನ ಲೆಕ್ಕದಲ್ಲಿ ಬರೆದಿಟ್ಟಿತು. ಅದನ್ನೋದಿದ ಇನ್ನೊಂದು, ನ್ಯೂಟನ್ನಿನ ಲೆಕ್ಕವೆಂದೇ ಭಾವಿಸಿತು. ಒಂದು ಪೌಂಡ್ ಬಲವೆಂದರೆ ಸುಮಾರು 4.45 ನ್ಯೂಟನ್! ನ್ಯೂಟನ್ನಿನಲ್ಲೇ ಬರೆಯತಕ್ಕದ್ದೆಂಬ ನಿಯಮವು ಕಾಗದದ ಮೇಲೆ ಇದ್ದಿತು; ಅದು ಪಾಲನೆಯಾಯಿತೇ ಎಂದು ಬಾಗಿಲಲ್ಲಿ ನಿಂತು ಕೇಳುವವರಿರಲಿಲ್ಲ.

ಅಂತಹ ದ್ವಾರಪಾಲಕನನ್ನು ನೇಮಿಸುವುದು ಅಸಾಧ್ಯವೇನಲ್ಲ. ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ಅಟ್ಲಾಸ್ ಪ್ರಯೋಗಕ್ಕಾಗಿ ರೂಪಿಸಿದ ವ್ಯವಸ್ಥೆಗೆ, ಡಾನ್ ಕ್ವಿಕ್ಸೋಟ್ ಕಾದಂಬರಿಯ ಕತ್ತೆಯ ನೆನಪಿಗೆ, ರೂಸಿಯೊ ಎಂದು ಹೆಸರಿಟ್ಟಿದ್ದಾರೆ. ಹಲವು ದೇಶಗಳಲ್ಲಿ ಹಂಚಿಹೋದ ಫೈಲುಗಳ ಭಾರವನ್ನು ಅದು ಹೊರುತ್ತದೆ. ಪ್ರತಿ ಫೈಲಿಗೂ ಒಂದು ಹೆಸರು. ಒಮ್ಮೆ ಬಳಸಿದ ಹೆಸರು ಮತ್ತೊಂದಕ್ಕೆ ಎಂದಿಗೂ ಸಲ್ಲದು. ಹೆಸರಿನೊಡನೆ ಗಾತ್ರವನ್ನೂ, ಫೈಲು ಕೆಟ್ಟುದನ್ನು ತೋರಿಸಿಕೊಡುವ ತಾಳೆಸಂಖ್ಯೆಯನ್ನೂ ಸೂಚಿಯಲ್ಲಿ ಬರೆದಿಡುತ್ತದೆ.

ವಿವರ ತುಂಬುವ ಕೆಲಸ ಸಂಶೋಧಕನ ಕಾಲವನ್ನು ಕಬಳಿಸುವುದೆಂಬ ಆಕ್ಷೇಪವುಂಟು. ಅದರಲ್ಲಿ ಹುರುಳಿಲ್ಲದಿಲ್ಲ. ನಲವತ್ತು ಪ್ರಶ್ನೆಗಳನ್ನು ಒಡ್ಡಿದರೆ ಜನ ಎಲ್ಲಕ್ಕೂ ‘ಇತರೆ’ ಎಂದು ಬರೆದು ಪಾರಾಗುವರು. ಆದುದರಿಂದ ಸರ್ವರನ್ನು ಸಜ್ಜುಗೊಳಿಸುವ ಮೊದಲ ದಿನವೇ ಕಡ್ಡಾಯವಾದ ಕೆಲವೇ ಅಂಶಗಳನ್ನು ಗೊತ್ತುಮಾಡಬೇಕು: ದಿನಾಂಕ, ಸ್ಥಳ, ಉಪಕರಣ, ಏಕಮಾನ, ಹೊಣೆಗಾರನ ಹೆಸರು. ಉತ್ತರಗಳನ್ನು ಸಿದ್ಧಪಟ್ಟಿಯಿಂದಲೇ ಆರಿಸುವಂತಿರಬೇಕು; ‘ಬೆಂಗಳೂರು’, ‘ಬೆಂಗ್ಳೂರು’, ‘ಬ್ಯಾಂಗಲೋರ್’ ಎಂದು ಮೂವರು ಬರೆದರೆ ಯಂತ್ರವು ಮೂರು ಊರುಗಳೆಂದೇ ತಿಳಿಯುತ್ತದೆ. ಈ ನಿರ್ಧಾರವನ್ನು ಯಂತ್ರ ನೋಡಿಕೊಳ್ಳುವವರಿಗಷ್ಟೇ ಬಿಡದೆ, ಅಳೆಯುವವರೂ ಮುಂದೆ ಬಳಸುವವರೂ ಕೂಡಿ ಮಾಡತಕ್ಕುದು.

ಸರ್ವರು ಸುಳ್ಳು ವಿವರವನ್ನೆಲ್ಲ ಕಂಡುಹಿಡಿಯಲಾರದು ನಿಜ. ಆದರೆ ಮೌನವನ್ನು ಅದು ಒಪ್ಪದಿರಬಲ್ಲದು. ಅಳೆದ ದಿನ ಒಂದು ನಿಮಿಷದಲ್ಲಿ ಬರೆಯಬಹುದಾದುದನ್ನು, ಅಳೆದವರು ಇಲ್ಲವಾದ ಮೇಲೆ ಯಾರಿಂದ ಕೇಳಿ ತಿಳಿಯೋಣ? ಪ್ರಯೋಗದ ವಹಿಯಲ್ಲಿ ಏಕಮಾನ ಬರೆಯದ ಉತ್ತರಕ್ಕೆ ಉಪಾಧ್ಯಾಯರು ಅಂಕ ಕಳೆದಾಗ ನಮ್ಮ ವಿದ್ಯಾರ್ಥಿಗಳು ಗೊಣಗುವುದುಂಟು. ಅವರು ಕಲಿಸುತ್ತಿರುವುದು ಈ ಪಾಠವನ್ನೇ.