ಗಿಡದ ವ್ಯಾಪಾರಕ್ಕೆ ಮುನ್ನ ಹಣ್ಣಿನ ವ್ಯಾಪಾರ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ವ್ಯಾಪಾರ ವಹಿವಾಟು ಬಹುಮಟ್ಟಿಗೆ ಅಡಿಕೆಯೆಂಬ ಒಂದೇ ಕಂಬವನ್ನು ಆಶ್ರಯಿಸಿದೆ. ತೋಟಿಗನ ಕೈಯಲ್ಲಿ ಹಣವಿದ್ದ ವರ್ಷ ಪೇಟೆಯಲ್ಲಿ ಬಟ್ಟೆ, ಸಿಮೆಂಟು, ಬಂಗಾರ ಎಲ್ಲಕ್ಕೂ ಗಿರಾಕಿ ಇರುತ್ತದೆ. ಇಲ್ಲದ ವರ್ಷ ಅಂಗಡಿಯ ಉದ್ದರಿ ಪುಸ್ತಕ ದಪ್ಪವಾಗುತ್ತದೆ. ಹಳೆಯ ಕೊಳೆರೋಗದ ಜೊತೆಗೆ ಎಲೆಚುಕ್ಕಿ ರೋಗವೂ ಮಲೆನಾಡಿನ ತೋಟಗಳನ್ನು ಕಾಡತೊಡಗಿದ ಮೇಲೆ ಪರ್ಯಾಯ ಬೆಳೆಯ ಶೋಧ ತೀವ್ರಗೊಂಡಿರುವುದು ಸಹಜವೇ ಆಗಿದೆ. ರಂಬುಟಾನ್, ಮ್ಯಾಂಗೋಸ್ಟೀನ್, ಬೆಣ್ಣೆಹಣ್ಣುಗಳ ಪಟ್ಟಿಗೆ ಈಗ ಡುರಿಯನ್ ಹೆಸರೂ ಸೇರಿದೆ. ಕೇರಳ ಮತ್ತು ಕರಾವಳಿಯ ನರ್ಸರಿಗಳಲ್ಲಿ ‘ಮುಸಾಂಗ್ ಕಿಂಗ್’, ‘ಮೊಂಥಾಂಗ್’ ಎಂಬ ಹೆಸರಿನ ಕಸಿ ಗಿಡಗಳು ಮಾರಾಟಕ್ಕಿವೆ. ಹುಲೇಕಲ್ ಸೀಮೆಯ ತೋಟಿಗ ಇವನ್ನು ನೆಡಬೇಕೇ ಎಂಬುದು ಕೃಷಿಯ ಪ್ರಶ್ನೆಯಂತೆ ತೋರಿದರೂ, ಅದಕ್ಕೆ ಉತ್ತರ ಕೊಡಬೇಕಾದವರು ಮೊದಲು ವರ್ತಕರು.

ಬೋರ್ನಿಯೋ ಮತ್ತು ಸುಮಾತ್ರಾ ಮೂಲದ ಈ ಮರ ಮಲೆನಾಡಿನ ಬೂರುಗದ ದೂರದ ಬಂಧು. ಮಲಯ ಭಾಷೆಯಲ್ಲಿ ‘ದುರಿ’ ಎಂದರೆ ಮುಳ್ಳು. ಹಣ್ಣಿನ ಹೆಸರು ಅಲ್ಲಿಂದ ಬಂದುದು. ಭಾರತಕ್ಕೂ ಇದು ತೀರ ಹೊಸದಲ್ಲ. ನೀಲಗಿರಿಯ ತಪ್ಪಲಿನ ಬರ್ಲಿಯಾರ್ ಮತ್ತು ಕಲ್ಲಾರಿನ ಸರ್ಕಾರಿ ತೋಟಗಳಲ್ಲಿ ಹಳೆಯ ಡುರಿಯನ್ ಮರಗಳಿವೆ. ಆದರೆ ಅಲ್ಲಿನ ಹಣ್ಣಿಗೆ ಬೇಡಿಕೆ ಬಂದುದು ರುಚಿಗಿಂತ ಹೆಚ್ಚಾಗಿ, ಅದನ್ನು ತಿಂದರೆ ಸಂತಾನ ಪ್ರಾಪ್ತಿಯಾಗುತ್ತದೆ ಎಂಬ ಆಧಾರವಿಲ್ಲದ ನಂಬಿಕೆಯಿಂದ. ಕೆಲವೇ ಮರಗಳ ಹಣ್ಣು ನಂಬಿಕೆಯ ಬಲದಿಂದ ಮಾರಾಟವಾದೀತು. ನೂರಾರು ಎಕರೆಯ ಫಸಲು ಹಾಗೆ ಮಾರಾಟವಾಗದು.

ಗಿಡ ಮಾರುವವರು ಸಾಮಾನ್ಯವಾಗಿ ಚೀನಾದ ಲೆಕ್ಕ ಹೇಳುತ್ತಾರೆ. ಲೆಕ್ಕ ಸುಳ್ಳಲ್ಲ. 2023ರಲ್ಲಿ ಚೀನಾ ಸುಮಾರು 14 ಲಕ್ಷ ಟನ್ ತಾಜಾ ಡುರಿಯನ್ ಆಮದು ಮಾಡಿಕೊಂಡಿತು. ಮೌಲ್ಯ 670 ಕೋಟಿ ಡಾಲರ್ ಸಮೀಪದ್ದು. ಆದರೆ ಆ ಬಾಗಿಲು ಎಲ್ಲರಿಗೂ ತೆರೆದಿಲ್ಲ. ತಾಜಾ ಹಣ್ಣು ಕಳುಹಿಸಲು ಎರಡು ಸರ್ಕಾರಗಳ ನಡುವೆ ಒಪ್ಪಂದವಾಗಬೇಕು. ವಿಯೆಟ್ನಾಮಿಗೆ ಅದು 2022ರಲ್ಲಿ, ಮಲೇಷ್ಯಾಕ್ಕೆ 2024ರಲ್ಲಿ ದೊರೆಯಿತು. ವಿಯೆಟ್ನಾಮಿನಲ್ಲಿ ಡುರಿಯನ್ ಕ್ಷೇತ್ರ 2023ರ ಹೊತ್ತಿಗೇ ಸುಮಾರು ಒಂದೂವರೆ ಲಕ್ಷ ಹೆಕ್ಟೇರ್ ಮುಟ್ಟಿತ್ತು. ಬಹುಕಾಲದ ಮಾರಾಟಗಾರನಾದ ಥಾಯ್ಲೆಂಡಿಗೂ 2025ರ ಆರಂಭದಲ್ಲಿ ಬಣ್ಣದ ರಾಸಾಯನಿಕ ಮತ್ತು ಕ್ಯಾಡ್ಮಿಯಂ ಪರೀಕ್ಷೆಯ ವರದಿ ಕಡ್ಡಾಯವಾಗಿ, ಸರಕು ಸಾಗಣೆ ಅಸ್ತವ್ಯಸ್ತವಾಯಿತು. ಇಂಥ ಸ್ಪರ್ಧೆಯ ಕಣಕ್ಕೆ ಶಿರಸಿಯಿಂದ ಈಗ ಇಳಿಯುವ ಮಾತು ವ್ಯವಹಾರ ಬಲ್ಲವರು ಆಡುವಂಥದಲ್ಲ. ಇಲ್ಲಿನ ಹಣ್ಣಿಗೆ ಮಾರುಕಟ್ಟೆ ಎಂದರೆ ಬೆಂಗಳೂರು, ಮುಂಬಯಿ, ಗೋವಾಗಳೇ.

ನೆಲ ಎಲ್ಲಿದೆ?

ಎರಡನೆಯ ಪ್ರಶ್ನೆ ಭೂಮಿಯದು. ಡುರಿಯನ್ ದೊಡ್ಡ ಮರ. ಸಾಲಿನಿಂದ ಸಾಲಿಗೆ, ಗಿಡದಿಂದ ಗಿಡಕ್ಕೆ 10 ಮೀಟರ್ ಅಂತರ ಹಿಡಿದರೆ ಎಕರೆಗೆ 40 ಗಿಡ. ಅಡಿಕೆಯ ನಡುವೆ ಏಲಕ್ಕಿ, ಬಾಳೆಯನ್ನು ಇಟ್ಟಂತೆ ಇದನ್ನು ಇಡಲು ಬಾರದು. ಬೆಳೆದಂತೆ ಅದು ಅಡಿಕೆಯ ಬೆಳಕನ್ನೇ ಕಸಿದುಕೊಳ್ಳುತ್ತದೆ. ಸೊಪ್ಪಿನ ಬೆಟ್ಟ ಅರಣ್ಯ ಭೂಮಿ. ತೋಟಿಗನಿಗೆ ಅಲ್ಲಿ ಇರುವುದು ಸೊಪ್ಪು, ದರಕು ತರುವ ಸವಲತ್ತೇ ಹೊರತು ಹಣ್ಣಿನ ತೋಟ ಎಬ್ಬಿಸುವ ಹಕ್ಕಲ್ಲ. ಉಳಿಯುವುದು ಮಾಲ್ಕಿ ಬೇಣ ಮತ್ತು ಪಾಳು ಬಿದ್ದ ಗದ್ದೆ.

ಗದ್ದೆ ಈ ಮರಕ್ಕೆ ಹೇಳಿದ ಜಾಗವಲ್ಲ. ಅಡಿಕೆಗೆ ಕೊಳೆ ತರುವ ಶಿಲೀಂಧ್ರದ ಬಳಗಕ್ಕೆ ಸೇರಿದ ‘ಫೈಟೋಫ್ಥೊರಾ ಪಾಮಿವೊರಾ’ ಡುರಿಯನ್ನಿನ ಬೇರು, ಕಾಂಡ, ಕಾಯಿ ಮೂರನ್ನೂ ಕೊಳೆಸುತ್ತದೆ. ವರ್ಷಕ್ಕೆ ಸುಮಾರು 2,500 ಮಿಲಿಮೀಟರ್ ಮಳೆ ನಾಲ್ಕು ತಿಂಗಳಲ್ಲೇ ಸುರಿಯುವ ಊರಿನಲ್ಲಿ ಬುಡಕ್ಕೆ ನೀರು ನಿಂತರೆ ಗಿಡ ಉಳಿಯುವುದು ದುಸ್ತರ. ಬೇಣದ ಇಳಿಜಾರಿನಲ್ಲಿ ನೀರು ಬಸಿಯುತ್ತದೆ; ಆದರೆ ಅಲ್ಲಿ ಬೇಸಿಗೆಯ ನೀರಿಲ್ಲ. ತವರಿನಲ್ಲಿ ವರ್ಷವಿಡೀ ಹಂಚಿ ಬೀಳುವ ಮಳೆಗೆ ಒಗ್ಗಿದ ಮರಕ್ಕೆ ಹೂವು ತರಿಸಲು ಕೆಲವು ವಾರಗಳ ಒಣ ಹವೆ ಸಾಕು. ಡಿಸೆಂಬರಿನಿಂದ ಮೇ ತನಕದ ಒಣಗು ತಡೆಯಲಾಗದು. ಆದ್ದರಿಂದ ಡುರಿಯನ್ ಎಂದರೆ ಗಿಡದ ಬೆಲೆಯ ಜೊತೆಗೆ ಬಾವಿ, ಪಂಪು, ಹನಿ ನೀರಾವರಿಯ ಬೆಲೆಯೂ ಹೌದು.

ಇದರ ಹೂವು ಸಂಜೆ ಅರಳಿ ಬೆಳಗಾಗುವುದರೊಳಗೆ ಉದುರುತ್ತದೆ. ಪರಾಗಸ್ಪರ್ಶ ಮಾಡುವುದು ಮುಖ್ಯವಾಗಿ ಬಾವಲಿ. ಅನೇಕ ತಳಿಗಳು ತಮ್ಮದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಥಾಯ್ಲೆಂಡಿನಲ್ಲಿ ಕುಂಚ ಹಿಡಿದು ಕೈಯಿಂದಲೇ ಪರಾಗ ಒದಗಿಸುವ ರೂಢಿಯಿದೆ. ಒಂದೇ ಹೆಸರಿನ ಗಿಡಗಳನ್ನು ಸಾಲಾಗಿ ನೆಟ್ಟವನಿಗೆ ಸಿಗುವುದು ಬರಿಯ ನೆರಳಾಗಬಹುದು. ಗಿಡ ಮಾರಿದವರು ಇದನ್ನು ಹೇಳಬೇಕು.

ಮಳೆಗಾಲದ ಹಣ್ಣು

ಬೇಸಿಗೆಯ ಆರಂಭದಲ್ಲಿ ಹೂವಾದರೆ ಹಣ್ಣು ಸುಮಾರು ನಾಲ್ಕು ತಿಂಗಳಿಗೆ, ಎಂದರೆ ಜೂನ್–ಜುಲೈ ತಿಂಗಳ ಜಡಿಮಳೆಯಲ್ಲಿ ಬರುತ್ತದೆ. ಮರದಲ್ಲೇ ಹಣ್ಣಾಗಿ ಬಿದ್ದ ಡುರಿಯನ್ ಎರಡರಿಂದ ಐದು ದಿನ ಮಾತ್ರ ಚೆನ್ನಾಗಿರುತ್ತದೆ. 2024ರ ಜುಲೈ ತಿಂಗಳಿನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಕರಾವಳಿಯ ಹೆದ್ದಾರಿ ದಿನಗಟ್ಟಲೆ ಮುಚ್ಚಿದ್ದು ಎಲ್ಲರ ನೆನಪಿನಲ್ಲಿದೆ. ಅಡಿಕೆಯ ಚೀಲ ಗೋದಾಮಿನಲ್ಲಿ ಮುಂದಿನ ದರಕ್ಕೆ ಕಾದೀತು. ಈ ಹಣ್ಣು ಕಾಯದು. ಇದರ ತೀವ್ರ ವಾಸನೆಯ ಕಾರಣದಿಂದ ಸಿಂಗಪುರದ ರೈಲುಗಳಲ್ಲಿ ಇದನ್ನು ಒಯ್ಯುವುದೇ ನಿಷಿದ್ಧ. ಇತರ ಸರಕಿನೊಡನೆ ಬಸ್ಸಿನ ಮೇಲೆ ಹಾಕಿ ಕಳುಹಿಸುವ ಹಣ್ಣು ಇದಲ್ಲ. ತೂಕದಲ್ಲಿ ತಿನ್ನುವ ತೊಳೆಯ ಪಾಲು ಸಾಮಾನ್ಯವಾಗಿ ನೂರಕ್ಕೆ 20ರಿಂದ 35. ಒಂದು ಟನ್ ಹಣ್ಣಿನ ಸಾಗಣೆ ಎಂದರೆ ಆರೂವರೆಯಿಂದ ಎಂಟು ಕ್ವಿಂಟಲ್ ಸಿಪ್ಪೆ ಮತ್ತು ಬೀಜದ ಸಾಗಣೆ. ಆದ್ದರಿಂದ ತೊಳೆ ಬಿಡಿಸುವ, ಮೈನಸ್ 18 ಡಿಗ್ರಿಯಲ್ಲಿ ಘನೀಕರಿಸಿ ಇಡುವ ಘಟಕ ತೋಟದ ಹತ್ತಿರವೇ ಇರಬೇಕು. ಅದಿಲ್ಲದೆ ವ್ಯಾಪಾರವಿಲ್ಲ.

ಹಲಸಿನಿಂದ ಆರಂಭ

ಇಲ್ಲಿ ವೆನಿಲಾದ ಪಾಠವನ್ನು ಮರೆಯಲಾಗದು. 2000ದಲ್ಲಿ ಮಡಗಾಸ್ಕರಿಗೆ ಚಂಡಮಾರುತ ಬಡಿದ ಮೇಲೆ ಸಂಸ್ಕರಿಸಿದ ವೆನಿಲಾದ ಅಂತರರಾಷ್ಟ್ರೀಯ ದರ 2003ರ ಸುಮಾರಿಗೆ ಕಿಲೋಗೆ 500 ಡಾಲರ್ ವರೆಗೆ ಏರಿತು. ಮಲೆನಾಡಿನ ತೋಟಗಳಿಗೆ ಬಳ್ಳಿ ಹಬ್ಬಿದ್ದು ಆಗಲೇ. 2005ರ ವೇಳೆಗೆ ದರ ಅದರ ಹತ್ತನೆಯ ಒಂದು ಭಾಗಕ್ಕೂ ಇಳಿಯಿತು. ಬಳ್ಳಿ ಫಸಲಿಗೆ ಬರಲು ಮೂರು ವರ್ಷ. ದರ ಬೀಳಲು ಎರಡು ವರ್ಷ ಸಾಕಾಯಿತು. ಏರಿದ ದರದಲ್ಲಿ ಬಳ್ಳಿಯ ತುಂಡು ಮಾರಿದವನು ಗಳಿಸಿದ. ಅದನ್ನು ಕೊಂಡು ನೆಟ್ಟವನು ಕಳೆದುಕೊಂಡ. ಡುರಿಯನ್ ಕಸಿ ಗಿಡಕ್ಕೆ ಐದಾರು ವರ್ಷ, ಬೀಜದ ಗಿಡಕ್ಕೆ ಅದಕ್ಕಿಂತಲೂ ಹೆಚ್ಚು ಬೇಕು. ನೆಟ್ಟದ್ದು ಹೇಳಿದ ತಳಿಯೇ ಎಂಬುದು ತಿಳಿಯುವುದೂ ಅಷ್ಟು ವರ್ಷದ ಮೇಲೆಯೇ.

ಇದರರ್ಥ ಡುರಿಯನ್ ಬೇಡವೆಂದಲ್ಲ. ವ್ಯಾಪಾರದ ಸಿದ್ಧತೆ ಮೊದಲಾಗಬೇಕು ಎಂಬುದಷ್ಟೆ. ಆ ಸಿದ್ಧತೆಗೆ ಬೇಕಾದ ಹಣ್ಣು ಶಿರಸಿಯ ಪ್ರತಿ ಊರಿನ ಬೇಣದಲ್ಲೂ, ಮನೆಯ ಹಿತ್ತಿಲಲ್ಲೂ ಇದೆ. ಹಲಸಿಗೂ ಮುಳ್ಳಿನ ಸಿಪ್ಪೆ, ತೊಳೆ, ಬೀಜ, ಪರಿಮಳ. ಅದೂ ಬಹುಪಾಲು ಮಳೆಗಾಲದ ಮುನ್ನ ಒಮ್ಮೆಗೇ ಬಂದು ಮರದಡಿಯಲ್ಲೇ ಕೊಳೆಯುವಂಥದು. ಶಿರಸಿಯ ಕದಂಬ ಮಾರ್ಕೆಟಿಂಗ್ ಸೌಹಾರ್ದ ಸಹಕಾರಿ ಹಲಸಿನ ಮೇಳ ನಡೆಸಿ ಒಂದು ದಾರಿ ತೋರಿದೆ. ಬಕ್ಕೆ ಹಲಸಿನ ತೊಳೆಯನ್ನು ಬಿಡಿಸಿ, ದರ್ಜೆ ಮಾಡಿ, ಘನೀಕರಿಸಿ ಬೆಂಗಳೂರಿಗೆ ವರ್ಷಪೂರ್ತಿ ಒದಗಿಸಬಲ್ಲ ಘಟಕವೇ ನಾಳೆ ಡುರಿಯನ್ನನ್ನೂ ಒದಗಿಸಬಲ್ಲದು. ಹಲಸನ್ನು ಮಾರಲಾರದ ಪೇಟೆ ಡುರಿಯನ್ನನ್ನು ಮಾರೀತೆಂದು ನಂಬಲು ಕಾರಣವಿಲ್ಲ. ಕಿರು ಆಹಾರ ಉದ್ದಿಮೆಗಳಿಗಾಗಿ ಕೇಂದ್ರ ಸರ್ಕಾರ 2020ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಬ್ಯಾಂಕ್ ಸಾಲಕ್ಕೆ ಹೊಂದಿಕೊಂಡು ಶೇಕಡಾ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನವಿದ್ದುದು ಇಂತಹ ಘಟಕಗಳನ್ನು ಉದ್ದೇಶಿಸಿಯೇ.

ಜೊತೆಯಲ್ಲಿ ಮೂರು ಕ್ರಮ ಅಗತ್ಯ. ಮೊದಲನೆಯದಾಗಿ, ಹುಲೇಕಲ್, ಸಿದ್ದಾಪುರ, ಯಲ್ಲಾಪುರಗಳ ಬೇರೆ ಬೇರೆ ಎತ್ತರ ಮತ್ತು ಮಣ್ಣಿನಲ್ಲಿ, ನೀರಾವರಿಯಿರುವ ಬೇಣಗಳಲ್ಲಿ, ಎರಡು ಮೂರು ತಳಿ ಬೆರೆಸಿ ಬೆರಳೆಣಿಕೆಯ ಗಿಡಗಳ ಪ್ರಯೋಗ ನಡೆಯಲಿ. ವೆಚ್ಚವನ್ನು ತೋಟಿಗ ಒಬ್ಬನೇ ಹೊರದೆ ವರ್ತಕರ ಸಂಘಗಳೂ ಹಂಚಿಕೊಳ್ಳಲಿ. ಎರಡನೆಯದಾಗಿ, ಗಿಡ ಮಾರುವ ವರ್ತಕರು ತಾಯಿಮರ ಎಲ್ಲಿದೆ, ತಳಿ ಯಾವುದು ಎಂಬುದನ್ನು ರಶೀದಿಯ ಮೇಲೆ ಬರೆದು ಸಹಿ ಹಾಕಲಿ. ಮೂರನೆಯದಾಗಿ, ಪ್ರಯೋಗದ ಮರಗಳು ಹಣ್ಣು ಬಿಡುವ ತನಕ ‘ಎಕರೆಗೆ ಇಷ್ಟು ಲಕ್ಷ’ ಎಂಬ ಜಾಹೀರಾತು ನಿಲ್ಲಲಿ.

ತೋಟಿಗರ ಸಹಕಾರಿ ಮಾರಾಟ ಸಂಘ ಶಿರಸಿಯಲ್ಲಿ ಸ್ಥಾಪನೆಯಾದದ್ದು 1923ರಲ್ಲಿ. ಅಡಿಕೆಯನ್ನು ತೂಗಿ, ದರ್ಜೆ ಮಾಡಿ, ನ್ಯಾಯವಾದ ದರಕ್ಕೆ ಮಾರುವ ವ್ಯವಸ್ಥೆಯೊಂದು ಎದ್ದು ನಿಂತುದರಿಂದಲೇ ಅಡಿಕೆ ಈ ಸೀಮೆಯನ್ನು ನೂರು ವರ್ಷ ಸಾಕಿತು. ‘ಶಿರಸಿ ಸುಪಾರಿ’ಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತುದರ ಹಿಂದೆಯೂ ಆ ಕಟ್ಟುವಿಕೆಯ ಶ್ರಮವಿದೆ. ಹೊಸ ಹಣ್ಣಿಗೂ ಅದೇ ದಾರಿ. ಬರುವ ಹಲಸಿನ ಹಂಗಾಮಿಗೆ ಒಂದು ಘನೀಕರಣ ಘಟಕದ ಯೋಜನಾ ವರದಿ ಸಿದ್ಧವಾದರೆ ಅದೇ ಸಾರ್ಥಕವಾದ ಮೊದಲ ಹೆಜ್ಜೆಯಾದೀತು.